ಓರೆಯೋ ಅಡ್ಡವೋ

ವಿಜ್ಞಾನ ಪದಕೋಶದ ಉಪಸಂಪಾದಕಿಯಾಗಿ ನಾನು ಮಣಿಪಾಲದ ಆ ಮುದ್ರಣಾಲಯದ ಮೆಟ್ಟಿಲು ಹತ್ತಿದಾಗ, ಇಂಗ್ಲಿಷಿನ ‘ಎಫ್’ ಅಕ್ಷರದವರೆಗಿನ ಪುಟಗಳು ಆಗಲೇ ಅಚ್ಚಾಗಿ ಕಟ್ಟುಕಟ್ಟಾಗಿ ಗೋಡೆ ಬದಿಯಲ್ಲಿ ಕೂತಿದ್ದವು. ನನಗಿಂತ ಮೊದಲು ಇದ್ದವರು ಬೇರೆ ಕೆಲಸ ಸಿಕ್ಕಿ ಹೊರಟುಹೋಗಿದ್ದರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಕಾಲೇಜಿನಲ್ಲಿ ವಿಜ್ಞಾನವನ್ನು ಕನ್ನಡದಲ್ಲೇ ಕಲಿಸಬೇಕು ಎಂಬ ಹುರುಪು ಎಲ್ಲ ಕಡೆ ಇತ್ತು. ಕಲಿಸಲು ಪದಗಳು ಬೇಕಲ್ಲ, ಅದಕ್ಕಾಗಿ ಐದು ಜನರ ಒಂದು ಸಮಿತಿ ಕೂತಿತ್ತು.

ಕೆಲಸದ ಕ್ರಮ ಹೀಗಿತ್ತು. ಒಂದು ಇಂಗ್ಲಿಷ್ ಪದಕ್ಕೆ ಒಂದು ಕಾರ್ಡು. ಗಣಿತ, ಭೂವಿಜ್ಞಾನ, ಸಸ್ಯಶಾಸ್ತ್ರ, ಭೌತಶಾಸ್ತ್ರ, ವೈದ್ಯಕೀಯ ಎಂದು ಐದೂ ಕಡೆಯವರು ತಮ್ಮ ತಮ್ಮ ಕನ್ನಡ ಪದವನ್ನು ಅದರಲ್ಲಿ ಬರೆಯುತ್ತಿದ್ದರು. ಭಾನುವಾರ ಉಡುಪಿಯ ಒಂದು ಶಾಲೆಯ ಶಿಕ್ಷಕರ ಕೋಣೆಯಲ್ಲಿ ಸಭೆ ಸೇರಿ ಒಂದನ್ನು ಗೊತ್ತು ಮಾಡುತ್ತಿದ್ದರು. ಅದನ್ನು ನಾನು ಶುದ್ಧಪ್ರತಿ ಮಾಡಿ ಕೆಳಗಿನ ಮಹಡಿಗೆ ಕಳಿಸುತ್ತಿದ್ದೆ. ಅಲ್ಲಿ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಎಂಟು ಪುಟಗಳನ್ನು ಒಂದು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿಯುತ್ತಿದ್ದರು. ಆ ಎಂಟು ಪುಟದ ಗಂಟಿಗೆ ‘ಫಾರಂ’ ಎಂದು ಹೆಸರು. ಕರಡು ತಿದ್ದಿ ಮುಗಿದ ಮೇಲೆ ಅದರ ಮೂಲೆಯಲ್ಲಿ ‘ಅಚ್ಚಿಗೆ’ ಎಂದು ಬರೆದು ಸಹಿ ಹಾಕುವುದು ನನ್ನ ಪಾಲಿನ ಕೆಲಸ. ಸಹಿ ಬೀಳದೆ ಯಂತ್ರ ತಿರುಗುವಂತಿರಲಿಲ್ಲ. ಅದೊಂದು ದೊಡ್ಡ ಅಧಿಕಾರ ಎಂದು ನನಗಾಗಲಿ ಬೇರೆಯವರಿಗಾಗಲಿ ಅನ್ನಿಸಿರಲಿಲ್ಲ.

ನನ್ನ ಕೋಣೆಗೆ ಇದ್ದ ಒಂದೇ ಕಿಟಕಿ ಕಾಗದದ ಗೋದಾಮಿನ ಗೋಡೆಗೆ ಮುಖ ಮಾಡಿತ್ತು. ಕೆಳಗೆ ಯಂತ್ರ ಓಡುವಾಗ ಮೇಜು ನಡುಗುತ್ತಿತ್ತು. ಓಡದಿದ್ದಾಗ ಗೋಡೆಯನ್ನೇ ನೋಡುತ್ತ ಕೂರಬೇಕಾಗುತ್ತಿತ್ತು.

ಸಮಿತಿಯ ಅಧ್ಯಕ್ಷರು ನಿವೃತ್ತ ಗಣಿತ ಪ್ರಾಧ್ಯಾಪಕರು, ಸಂತೆಕಟ್ಟೆಯಲ್ಲಿ ಮನೆ. ಅವರ ಮನೆಮಾತು ತುಳು. ವೈದ್ಯಕೀಯದ ಸದಸ್ಯೆ ಹೆರಿಗೆ ವಿಭಾಗದ ಹಿರಿಯ ಡಾಕ್ಟರು, ಮನೆಯಲ್ಲಿ ಕೊಂಕಣಿ. ನಾನು ಕಾಪುವಿನ ಮೀನುಗಾರರ ಮನೆಯವಳು. ಅಮ್ಮನ ಹತ್ತಿರ ಕನ್ನಡದಲ್ಲಿ ಮಾತಾಡಿದರೆ ಅವಳು ನಗುತ್ತಾಳೆ. ಕನ್ನಡಕ್ಕೆ ಪದ ಕೊಡಲು ಕೂತಿದ್ದ ನಮ್ಮಲ್ಲಿ ಯಾರೂ ಕನ್ನಡದಲ್ಲಿ ಅನ್ನ ಕೇಳಿ ಬೆಳೆದವರಲ್ಲ. ಶಾಲೆಯಲ್ಲಿ ಕಲಿತ ಕನ್ನಡವಾದ್ದರಿಂದಲೋ ಏನೋ, ಎಲ್ಲರಿಗೂ ಅದರ ಬಗ್ಗೆ ಒಂದು ಭಯಭಕ್ತಿ ಇತ್ತು.

‘ಒಬ್ಲೀಕ್’ ಪದ ಸಭೆಗೆ ಬಂದ ಭಾನುವಾರ ಡಾಕ್ಟರು ಬಂದಿರಲಿಲ್ಲ, ವಾರ್ಡಿನಲ್ಲಿದ್ದರು. ಉಳಿದವರು ಕೂತರು. ನೆಟ್ಟಗಿಲ್ಲದ, ಒಂದು ಬದಿಗೆ ವಾಲಿದ ಎಂಬುದಕ್ಕೆ ಒಂದು ಪದ ಬೇಕು, ಐದು ನಿಮಿಷದ ಕೆಲಸ ಎಂದುಕೊಂಡಿದ್ದೆವು. ಆದರೆ ಸಸ್ಯಶಾಸ್ತ್ರದವರು ಮೊದಲೇ ತಕರಾರು ತೆಗೆದರು.

“ನಮ್ಮಲ್ಲಿ ಎಲೆಯ ಬುಡ ಒಬ್ಲೀಕ್ ಅಂದರೆ ಅದು ವಾಲಿದ್ದಲ್ಲ. ನಡುನರದ ಎರಡು ಬದಿ ಸಮ ಇಲ್ಲ ಅಂತ ಅರ್ಥ. ಕಹಿಬೇವಿನ ಎಲೆ ನೋಡಿ, ಒಂದು ಬದಿ ಮೇಲೆ, ಒಂದು ಬದಿ ಕೆಳಗೆ.”

ಭೂವಿಜ್ಞಾನದವರು ಕಾರ್ಕಳದಿಂದ ಬರುತ್ತಿದ್ದರು. ಅವರು ತಲೆ ಅಲ್ಲಾಡಿಸಿದರು. “ಬಂಡೆ ಬಿರುಕು ಬಿಟ್ಟು ಜಾರುವಲ್ಲಿ ಆ ಬಿರುಕೇ ಓರೆ ಇರ್ತದೆ. ನಾವು ಒಬ್ಲೀಕ್ ಅನ್ನುವುದು ಬಿರುಕಿಗಲ್ಲ, ಜಾರಿದ ದಿಕ್ಕಿಗೆ. ಎರಡಕ್ಕೂ ಓರೆ ಅಂತ ಹಾಕಿದರೆ ನಾನು ಪಾಠ ಮಾಡುವುದು ಹೇಗೆ?”

ಭೌತಶಾಸ್ತ್ರದವರಿಗೆ ಬೆಳಕು ಗಾಜಿನ ಮೇಲೆ ಓರೆಯಾಗಿ ಬೀಳುವುದು ಬೇಕಿತ್ತು. ಗಣಿತಕ್ಕೆ ಲಂಬಕೋನವಿಲ್ಲದ ತ್ರಿಭುಜ, ತುದಿ ಒಂದು ಬದಿಗೆ ಸರಿದ ಶಂಕು. ಖಗೋಳಕ್ಕೆ ಭೂಮಿಯ ಅಕ್ಷದ ವಾಲು. ಅಂಗರಚನೆಗೆ ಹೊಟ್ಟೆಯ ಸ್ನಾಯು, ಕಣ್ಣಿನ ಸ್ನಾಯು. ಒಂದೇ ಇಂಗ್ಲಿಷ್ ಪದದೊಳಗೆ ಇಷ್ಟು ಜನ ಸಂಸಾರ ಹೂಡಿದ್ದಾರೆಂದು ನನಗೆ ಅಂದೇ ಗೊತ್ತಾದದ್ದು.

ಅಧ್ಯಕ್ಷರು ಎಲ್ಲವನ್ನೂ ಕೇಳಿ ಪೆನ್ನಿನಿಂದ ಮೇಜು ತಟ್ಟಿದರು. “ನಮ್ಮ ನಿಯಮ ಎಂತ? ಒಂದು ಪದಕ್ಕೆ ಒಂದೇ ಪದ. ಸಂಸ್ಕೃತದಲ್ಲಿ ‘ತಿರ್ಯಕ್’ ಉಂಟು. ಓರೆ, ಸೊಟ್ಟ, ವಾರೆ ಇವೆಲ್ಲ ಅಂಗಡಿಮಾತು. ತಿರ್ಯಕ್ ಎಲ್ಲ ಶಾಸ್ತ್ರಕ್ಕೂ ಆಗ್ತದೆ.”

ಹಾಗೆಂದು ಅವರು ಹಟಮಾರಿ ಎಂದು ನಾನು ಹೇಳಲಾರೆ. ಅವರು ಹಿಂದೊಮ್ಮೆ ಪರೀಕ್ಷೆಯ ಉತ್ತರಪತ್ರಿಕೆ ನೋಡುತ್ತಿದ್ದಾಗ, ಒಬ್ಬ ಹುಡುಗ ಸರಿಯಾದ ಉತ್ತರವನ್ನೇ ಬೇರೆ ಪುಸ್ತಕದ ಪದದಲ್ಲಿ ಬರೆದನೆಂದು ಇನ್ನೊಬ್ಬ ಪರೀಕ್ಷಕರು ಅದನ್ನು ಹೊಡೆದುಹಾಕಿದ್ದರಂತೆ. ಆ ಸಂಗತಿಯನ್ನು ಹೇಳುವಾಗ ಅವರ ದನಿ ಈಗಲೂ ಏರುತ್ತಿತ್ತು. ಮೂರು ಪುಸ್ತಕದಲ್ಲಿ ಮೂರು ಪದ ಇದ್ದರೆ ಮಕ್ಕಳು ಕನ್ನಡವನ್ನೇ ಬಿಟ್ಟುಬಿಡುತ್ತಾರೆ ಎಂಬ ಹೆದರಿಕೆ ಅವರಿಗೆ ನಿಜವಾಗಿಯೂ ಇತ್ತು.

‘ತಿರ್ಯಕ್’ ಎಂದೇ ನಿರ್ಣಯವಾಯಿತು. ಫಾರಂ ಕಟ್ಟಿದರು, ಕರಡು ಮೇಲೆ ಬಂತು.

ಕೆಳಗೆ ‘ಓ’ ಜೋಡಿಸುತ್ತಿದ್ದಾಗ ನಾನು ಮುಂದಾಗಿಯೇ ‘ಟಿ’ಯ ಕಾರ್ಡುಗಳನ್ನು ಹೊಂದಿಸುತ್ತಿದ್ದೆ. ‘ಟ್ರಾನ್ಸ್‌ವರ್ಸ್’ ಎಂಬ ಕಾರ್ಡು ಕೈಗೆ ಬಂತು. ಅಡ್ಡವಾಗಿ, ಈ ಬದಿಯಿಂದ ಆ ಬದಿಗೆ ಎಂದು ಅರ್ಥ. ಅದರಲ್ಲಿ ವೈದ್ಯಕೀಯದ ಹಿಂದಿನ ಸದಸ್ಯರ ಕೈಬರಹದಲ್ಲಿ ‘ತಿರ್ಯಕ್’ ಎಂದಿತ್ತು.

ಸಂಸ್ಕೃತ ನಿಘಂಟು ತೆಗೆದು ನೋಡಿದೆ. ಆ ಪದಕ್ಕೆ ಎರಡೂ ಅರ್ಥ ಉಂಟು. ಓರೆಯೂ ಹೌದು, ಅಡ್ಡವೂ ಹೌದು. ಮೈಯನ್ನು ನೆಲಕ್ಕೆ ಸಮವಾಗಿ ಅಡ್ಡಲಾಗಿಟ್ಟು ನಡೆಯುವುದರಿಂದ ಪ್ರಾಣಿಗಳಿಗೇ ಆ ಹೆಸರು. ಹಾಗಾದರೆ ಟ್ರಾನ್ಸ್‌ವರ್ಸಿಗೆ ‘ಅಡ್ಡ’ ಎಂದು ಹಾಕಿದರಾಯಿತು ಎಂದುಕೊಂಡು, ಒಂದು ಸಂಶಯಕ್ಕೆ ಗೋಡೆ ಬದಿಯ ಕಟ್ಟುಗಳಲ್ಲಿ ‘ಸಿ’ಯದನ್ನು ಬಿಚ್ಚಿದೆ. ‘ಕೋಲನ್’ ಪದದಡಿ ದೊಡ್ಡ ಕರುಳಿನ ಅಡ್ಡಭಾಗಕ್ಕೆ ‘ತಿರ್ಯಕ್ ಸ್ಥೂಲಾಂತ್ರ’ ಎಂದು ಅಚ್ಚಾಗಿತ್ತು. ಕೆಲವೇ ಪುಟ ಮುಂದೆ, ‘ಕೋನ್’ ಪದದಡಿ, ತುದಿ ಸರಿದ ಶಂಕುವಿಗೆ ‘ತಿರ್ಯಕ್ ಶಂಕು’. ಒಂದರಲ್ಲಿ ಅಡ್ಡ, ಇನ್ನೊಂದರಲ್ಲಿ ಓರೆ. ‘ಇ’ಯಲ್ಲಿ ‘ಅರ್ತ್’ ಪದದಡಿ ಭೂಮಿಯ ಅಕ್ಷದ್ದು, ಅಲ್ಲೂ ತಿರ್ಯಕ್. ಎಲ್ಲವೂ ಅಚ್ಚಾಗಿ ಒಣಗಿ ಕೂತಿದ್ದ ಪುಟಗಳು. ಯಾವ ಕಡೆಯಿಂದ ತಿದ್ದಲು ಹೋದರೂ ಇನ್ನೊಂದು ಕಡೆ ತಪ್ಪಾಗುವಂತಿತ್ತು.

ಆ ಮಧ್ಯಾಹ್ನ ಡಾಕ್ಟರನ್ನು ಆಸ್ಪತ್ರೆಯಲ್ಲಿ ಹುಡುಕಿಕೊಂಡು ಹೋದೆ. ಅವರು ಕ್ಯಾಂಟೀನಿನಲ್ಲಿ ನಿಂತುಕೊಂಡೇ ಚಹಾ ಕುಡಿಯುತ್ತಿದ್ದರು. ಕರಡನ್ನು ಓದಿ ಲೋಟ ಕೆಳಗಿಟ್ಟರು.

“ಇದನ್ನು ಯಾರು ಒಪ್ಪಿದ್ದು ಮಾರಾಯ್ತಿ? ಹೊಟ್ಟೆಯಲ್ಲಿ ಮಗು ಮಲಗಿದ್ದಕ್ಕೂ ನಾವು ಇದೇ ಎರಡು ಶಬ್ದ ಹೇಳುವುದು. ಮಗು ಒಬ್ಲೀಕ್ ಉಂಟು, ನೋವು ಶುರುವಾಗಲಿಲ್ಲ ಅಂದರೆ, ಕೆಲವು ಸಲ ತಲೆ ತಾನಾಗಿ ಕೆಳಗೆ ಬರ್ತದೆ. ಪುನಃ ಕರೆಸಿ ನೋಡಬಹುದು. ಟ್ರಾನ್ಸ್‌ವರ್ಸ್ ಇದ್ದು ನೋವು ಶುರುವಾದರೆ ಕಾಯ್ಲಿಕ್ಕೆ ಇಲ್ಲ. ಕೂಡಲೇ ಗಾಡಿ ಮಾಡಿ ಇಲ್ಲಿಗೆ ಕಳಿಸಬೇಕು. ಇಲ್ಲದಿದ್ದರೆ ಮಗುವಿನ ಕೈ ಮೊದಲು ಹೊರಗೆ ಬರ್ತದೆ. ಆಮೇಲೆ ಎಂತ ಆಗ್ತದೆ ಅಂತ ನಿನಗೆ ಹೇಳುವುದು ಬೇಡ.”

“ಆದರೆ ಡಾಕ್ಟ್ರೇ, ಇದು ಕಾಲೇಜಿನವರಿಗೆ ಅಲ್ವಾ?”

“ನಾನು ಹಳ್ಳಿಯ ಆರೋಗ್ಯ ಸಹಾಯಕಿಯರಿಗೆ ಕೈಪಿಡಿ ಬರೀತಾ ಇದ್ದೇನೆ. ಪದಗಳನ್ನು ನಿಮ್ಮ ಕೋಶದಿಂದಲೇ ತೆಗೆದುಕೊಳ್ಳಬೇಕು ಅಂತ ಮೇಲಿನಿಂದ ಹೇಳಿದ್ದಾರೆ. ನಾಡಿದ್ದು ಹಿರಿಯಡ್ಕದಲ್ಲಿ ಅವರಿಗೆ ತರಗತಿ ಉಂಟು. ಬಾ, ನೀನೇ ನೋಡು.”

ಹಿರಿಯಡ್ಕದ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಬೆಂಚು ಹಾಕಿ ಹುಡುಗಿಯರು ಕೂತಿದ್ದರು. ಹೆಚ್ಚಿನವರು ಹತ್ತನೆಯ ತರಗತಿ ಪಾಸಾದವರು. ಡಾಕ್ಟರು ಪಾಠವನ್ನು ಮೊದಲು ಸಮಿತಿಯ ಪದದಲ್ಲೇ ಓದಿದರು. ‘ಶಿಶುವು ತಿರ್ಯಕ್ ಸ್ಥಿತಿಯಲ್ಲಿ ಇರುವಾಗ’ ಎಂದು. ಆಮೇಲೆ ಒಂದೊಂದು ಕಾಗದ ಕೊಟ್ಟು, “ಈಗ ನಾನು ಹೇಳಿದ ಹಾಗೆ ಮಗು ಹೊಟ್ಟೆಯಲ್ಲಿ ಹೇಗೆ ಉಂಟು ಅಂತ ಚಿತ್ರ ಬರೀರಿ. ಪಕ್ಕದವರದ್ದು ನೋಡಬೇಡಿ” ಎಂದರು.

ಕಾಗದಗಳನ್ನು ಒಟ್ಟು ಮಾಡಿದವಳು ನಾನೇ. ಅರ್ಧದಷ್ಟು ಜನ ಮಗುವನ್ನು ಓರೆಯಾಗಿ ಬರೆದಿದ್ದರು. ಉಳಿದವರು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ನೆಟ್ಟಗೆ ಅಡ್ಡ. ಒಬ್ಬಳು ಮಗುವನ್ನೇ ಬರೆದಿರಲಿಲ್ಲ. ಕಾಗದವನ್ನು ಖಾಲಿ ಕೊಟ್ಟು, “ಎಂತ ಮೇಡಂ ಅದು, ಓರೆಯಾ ಅಡ್ಡವಾ? ಹೇಳಿದರೆ ಬರೀತೇನೆ” ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ಹಿಂದಿರುಗುವ ಬಸ್ಸಿನಲ್ಲಿ ಆ ಚಿತ್ರಗಳ ಕಟ್ಟು ನನ್ನ ಮಡಿಲಲ್ಲಿತ್ತು.

ಅಲ್ಲಿಂದ ಮರುದಿನವೇ ಸಂತೆಕಟ್ಟೆಗೆ ಹೋದೆ. ಅಧ್ಯಕ್ಷರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿದರು, ಕನ್ನಡಕ ತೆಗೆದರು.

“ಇವರು ಶಾಸ್ತ್ರ ಓದಿದವರಲ್ಲ, ನೋಡಿ ಅಮ್ಮ. ಓದಿದವನಿಗೆ ಸಂದರ್ಭದಿಂದ ಅರ್ಥ ಆಗ್ತದೆ.”

“ಓದಿದವರಿಗೆ ಇಂಗ್ಲಿಷೇ ಉಂಟಲ್ಲ ಸರ್. ಕನ್ನಡ ಬೇಕಾದದ್ದು ಇವರಿಗೆ.”

ಅದು ನನ್ನ ಬಾಯಿಂದ ಸ್ವಲ್ಪ ಜೋರಾಗಿಯೇ ಬಂತು. ಅವರು ಚಿತ್ರಗಳನ್ನು ಒಟ್ಟು ಮಾಡಿ ಬದಿಗಿಟ್ಟರು. ಒಳಗಿನಿಂದ ಬೆಲ್ಲ, ನೀರು ಬಂತು.

“ಇಲ್ಲಿ ಒಂದು ಕಡೆ ಸಡಿಲ ಬಿಟ್ಟರೆ ನಾಳೆ ಪ್ರತಿಯೊಂದು ಪದಕ್ಕೂ ಪ್ರತಿಯೊಬ್ಬರೂ ಬರ್ತಾರೆ. ಆಮೇಲೆ ಇದು ಕೋಶ ಅಲ್ಲ, ಜಗಳದ ಪಟ್ಟಿ. ಸಮಿತಿ ನಿರ್ಣಯ ಮಾಡಿ ಆಗಿದೆ. ನೀವು ಸಹಿ ಹಾಕಿ ಕಳಿಸಿ.”

“ನನ್ನಿಂದ ಆಗುವುದಿಲ್ಲ ಸರ್.”

“ಆಗದಿದ್ದರೆ ಆಗುವವರನ್ನು ನೋಡಬೇಕಾಗ್ತದೆ” ಎಂದರು ಅವರು. ಬೆದರಿಸುವ ದನಿಯಲ್ಲಿ ಅಲ್ಲ, ಬೇಸರದಿಂದ.

ನನ್ನದು ವರ್ಷ ವರ್ಷಕ್ಕೆ ಮುಂದುವರಿಸುವ ಹುದ್ದೆ. ಆ ಮಾತಿನ ಅರ್ಥ ತಿಳಿಯದಷ್ಟು ಸಣ್ಣವಳೇನೂ ಆಗಿರಲಿಲ್ಲ. ಆದರೂ ಸಹಿ ಹಾಕಲಿಲ್ಲ. ಕರಡು ನನ್ನ ಮೇಜಿನ ಮೇಲೆ ಹಾಗೆಯೇ ಉಳಿಯಿತು.

ಅದರಿಂದ ಏಟು ಬೀಳುವುದು ನನ್ನೊಬ್ಬಳ ಮೇಲಲ್ಲ ಎಂದು ಗೊತ್ತಾದದ್ದು ಕಾಪುವಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ. ಮುದ್ರಣಾಲಯದ ಫೋರ್‌ಮನ್ ನಮ್ಮ ಊರಿನವರೇ, ಬ್ಯಾರಿ ಸಮುದಾಯದವರು. ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದರೂ ನಮಸ್ಕಾರ ಬಿಟ್ಟು ಹೆಚ್ಚು ಮಾತಿರಲಿಲ್ಲ. ಅಂದು ಅವರು ನನ್ನ ಸೀಟಿನ ಹತ್ತಿರ ಬಂದು ಕಂಬಿ ಹಿಡಿದು ನಿಂತರು.

“ಅಕ್ಕಾ, ಒಂದು ಮಾತು ಹೇಳಲಾ? ನನಗೆ ಗಲ್ಫಿನ ವೀಸಾ ಬಂದುಂಟು. ಮೈದುನ ಅಲ್ಲಿ ಒಂದು ಪ್ರೆಸ್ಸಿನಲ್ಲಿ ಮಾತಾಡಿದ್ದಾನೆ. ಮಳೆ ಶುರುವಾಗುವ ಮೊದಲು ನಾನು ಬೊಂಬಾಯಿ ಮುಟ್ಟಬೇಕು.”

“ಒಳ್ಳೆಯದಾಯಿತಲ್ಲ ಫೋರ್‌ಮನ್ನರೇ.”

“ಎಂತ ಒಳ್ಳೆಯದು? ಈ ಪುಸ್ತಕ ಮುಗಿಸಿ ಹೋಗ್ತೇನೆ ಅಂತ ಧಣಿಗಳಿಗೆ ಮಾತು ಕೊಟ್ಟಿದ್ದೇನೆ. ಈ ಸಣ್ಣ ಅಕ್ಷರದ ಮೊಳೆ ನಮ್ಮಲ್ಲಿ ಇರುವುದೇ ಎರಡು ಫಾರಮ್ಮಿಗೆ ಆಗುವಷ್ಟು. ಒಂದು ಅಚ್ಚಾಗಿ ಬಿಚ್ಚಿದರೆ ಮಾತ್ರ ಮುಂದಿನದ್ದು. ನೀವು ‘ಓ’ ಹಿಡಿದು ಕೂತಿದ್ದೀರಿ, ಅದರ ಮುಂದಿನ ಫಾರಮ್ಮೂ ಕಟ್ಟಿ ಸರದಿ ಕಾಯ್ತಾ ಉಂಟು. ‘ಪಿ’ ಜೋಡಿಸ್ಲಿಕ್ಕೆ ಮೊಳೆ ಎಲ್ಲಿಂದ ತರುವುದು?”

ಕಟಪಾಡಿ ದಾಟುವವರೆಗೆ ನಾನು ಅವರಿಗೆ ಓರೆ ಮತ್ತು ಅಡ್ಡದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿದರು.

“ನೀವು ಹೇಳುವುದು ಸರಿಯೇ ಇರಬಹುದು. ಆದರೆ ನನ್ನ ಹೆಂಡತಿ ಮಕ್ಕಳೂ ಉಂಟಲ್ವಾ? ಒಂದು ಸಹಿ ಹಾಕಿಬಿಡಿ ಅಕ್ಕಾ.”

ಮರುದಿನದಿಂದ ಅವರು ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಹತ್ತತೊಡಗಿದರು.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಮೊದಲು ನೆನಪಾಗುವುದು ಕೆಳಗಿನ ಮಹಡಿಯ ಮೌನ. ಯಂತ್ರ ನಿಂತಿತ್ತು. ಚೌಕಟ್ಟಿನಲ್ಲಿ ಬಿಗಿದ ‘ಓ’ ಪುಟಗಳು ಕಲ್ಲಿನ ಮೇಜಿನ ಮೇಲೆ ಬಿದ್ದಿದ್ದವು. ನಾನು ಮೆಟ್ಟಿಲು ಇಳಿದು ಹೋಗುವಾಗ ಮೊಳೆ ಜೋಡಿಸುವವರು ಮಾತು ನಿಲ್ಲಿಸುತ್ತಿದ್ದರು. ಧಣಿಗಳು ಒಮ್ಮೆ ಮೇಲೆ ಬಂದು, ಬಾಗಿಲಲ್ಲೇ ನಿಂತು, “ಎಂತ ಮೇಡಂ, ಒಂದು ಶಬ್ದಕ್ಕೆ ನನ್ನ ಪ್ರೆಸ್ಸೇ ನಿಲ್ಲಬೇಕಾ?” ಎಂದು ಕೇಳಿ ಉತ್ತರಕ್ಕೆ ಕಾಯದೆ ಇಳಿದುಹೋದರು. ಅಚ್ಚಾದ ‘ಸಿ’ ಪುಟಗಳನ್ನು ಮತ್ತೆ ಮಾಡಿಸುವ ಮಾತೆತ್ತಲು ಹೊರಟವಳು ಬಾಯಿ ಮುಚ್ಚಿಕೊಂಡೆ. ಸಹಿ ಹಾಕಿದರೆ ಹಿರಿಯಡ್ಕದ ಜಗಲಿ ಕಣ್ಣೆದುರು ಬರುತ್ತಿತ್ತು. ಹಾಕದಿದ್ದರೆ ಹಿಂದಿನ ಬಾಗಿಲಲ್ಲಿ ಹತ್ತುವ ಮನುಷ್ಯ. ಅಧ್ಯಕ್ಷರಿಗೆ ಹೇಳದೆ ನಾನೇ ಪದ ಬದಲಾಯಿಸಿ ಕಳಿಸಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಅದನ್ನೂ ಯೋಚಿಸಿದೆ. ಆದರೆ ಸಮಿತಿಯ ಹೆಸರಿನಲ್ಲಿ ಸಮಿತಿ ಹೇಳದ್ದನ್ನು ಅಚ್ಚು ಹಾಕಿಸುವುದು ನನ್ನಿಂದಾಗಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತರೂ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದೆನಂತೆ. “ಮೀನು ಸರಿ ಇಲ್ಲವಾ?” ಎಂದು ಅಮ್ಮ ತುಳುವಿನಲ್ಲಿ ಕೇಳುತ್ತಿದ್ದಳು.

ಸಸ್ಯಶಾಸ್ತ್ರದ ಕಾರ್ಡೊಂದನ್ನು ಸರಿನೋಡಲು ಹಳೆಯ ಒಂದು ದೊಡ್ಡ ಪುಸ್ತಕ ತೆರೆದಾಗ ದಾರಿ ಕಂಡಿತು. ಅದರಲ್ಲಿ ಹೂವಿನ ಬಣ್ಣದ ಚಿತ್ರಗಳು ಬೇರೆ ಕಾಗದದಲ್ಲಿ ಅಚ್ಚಾಗಿದ್ದವು. ಹಾಳೆಯ ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿದೆ. ಹೊಲಿಗೆಯಲ್ಲಿ ಒಂದು ಕಿರಿದಾದ ಕಾಗದದ ಅಂಚು. ಚಿತ್ರದ ಹಾಳೆಯನ್ನು ಅದಕ್ಕೆ ಅಂಟಿಸಿದ್ದರು. ಪುಸ್ತಕ ಹೊಲಿದ ಮೇಲೆಯೂ ಒಂದು ಹಾಳೆಯನ್ನು ಒಳಗೆ ಸೇರಿಸಬಹುದು.

ಪುಸ್ತಕವನ್ನು ಎತ್ತಿಕೊಂಡು ಕೆಳಗೆ ಓಡಿದೆ. ಫೋರ್‌ಮನ್ನರು ಸುಮ್ಮನೆ ಕೂತು ಮೊಳೆ ಇಡುವ ಕೇಸಿನ ಧೂಳು ಒರೆಸುತ್ತಿದ್ದರು.

“ಒಬ್ಲೀಕ್ ಇರುವ ಪುಟವನ್ನು ಫಾರಮ್ಮಿನಿಂದ ತೆಗೆದು ಖಾಲಿ ಬಿಡಲಿಕ್ಕೆ ಆಗ್ತದಾ? ಉಳಿದ ಪುಟ ಎಲ್ಲ ಅಚ್ಚಾಗಲಿ. ಈ ಪುಟ ಮಾತ್ರ ಆಮೇಲೆ ಅಂಟಿಸುವುದು.”

ಅವರು ಆ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಒಂದು ಪುಟ ಅಲ್ಲ, ಎರಡು. ಹಾಳೆಗೆ ಬೆನ್ನೂ ಉಂಟಲ್ವಾ?” ಎಂದರು. ಆಮೇಲೆ ಲೆಕ್ಕ ಹಾಕುತ್ತಿದ್ದಂತೆ ಅವರ ದನಿ ಬದಲಾಯಿತು. “ಎರಡೇ ಪುಟದ ಮೊಳೆ ನಿಂತರೆ ನಷ್ಟ ಇಲ್ಲ. ಬೈಂಡಿಂಗಿನವರು ಬೈತಾರೆ. ಖಾಲಿ ಹಾಳೆ ಕತ್ತರಿಸಿ ಅಂಚು ಬಿಡಬೇಕು, ಪ್ರತಿಯೊಂದು ಪುಸ್ತಕಕ್ಕೂ ಕೈಯಿಂದ ಅಂಟಿಸಬೇಕು.”

“ಬೈಗುಳ ನಾನು ತಿನ್ನುತ್ತೇನೆ.”

ಉಳಿದ ಪುಟಗಳ ಕರಡಿಗೆ ಅಲ್ಲೇ ನಿಂತು ಸಹಿ ಹಾಕಿದೆ. ಅವರು ಚೌಕಟ್ಟು ಸಡಿಲಿಸಿ ಎರಡು ಪುಟಗಳನ್ನು ಹೊರಗೆಳೆದು, ಸುತ್ತ ದಾರ ಬಿಗಿದು, ತಗಡಿನ ತಟ್ಟೆಯಲ್ಲಿಟ್ಟರು. ಖಾಲಿ ಜಾಗಕ್ಕೆ ಮರದ ತುಂಡು ಹೊಡೆದರು. ಮಧ್ಯಾಹ್ನದ ಹೊತ್ತಿಗೆ ನನ್ನ ಮೇಜು ನಡುಗತೊಡಗಿತು. ಅಂದು ಸಂಜೆ ಅವರು ಮುಂದಿನ ಬಾಗಿಲಿನಿಂದ ಬಸ್ಸು ಹತ್ತಿದರು.

ನನ್ನ ಗೋಜಲು ಮಾತ್ರ ಹಾಗೆಯೇ ಇತ್ತು. ಸ್ವಲ್ಪ ಸಮಯ ಸಿಕ್ಕಿತ್ತಷ್ಟೆ. ಆ ಸಮಯದಲ್ಲಿ ನಾನು ಪ್ರತಿಯೊಂದು ಶಾಸ್ತ್ರದ ಓರೆಯನ್ನೂ ಅದರದೇ ಜಾಗದಲ್ಲಿ ನೋಡಿ ಬರೆಯಲು ಹೊರಟೆ. ಕಾರ್ಕಳದಲ್ಲಿ ಭೂವಿಜ್ಞಾನದವರು ನನ್ನನ್ನು ಬಿಸಿಲಿನಲ್ಲಿ ಒಂದು ಕರಿಬಂಡೆಯ ಮೇಲೆ ಹತ್ತಿಸಿದರು. ಬಂಡೆಯಲ್ಲಿ ಒಂದು ಬಿಳಿ ಕಲ್ಲಿನ ಪಟ್ಟಿ ಓಡಿತ್ತು. ಬಿರುಕು ದಾಟುವಲ್ಲಿ ಅದು ತುಂಡಾಗಿ ಮುಂದಕ್ಕೆ ಸರಿದಿತ್ತು. ಅವರು ಎರಡು ಪುಸ್ತಕಗಳನ್ನು ಒಂದಕ್ಕೊಂದು ಒತ್ತಿ ಹಿಡಿದರು. ಮೊದಲು ಒಂದನ್ನು ನೇರ ಕೆಳಗೆ ಜಾರಿಸಿದರು, ಆಮೇಲೆ ನೇರ ಪಕ್ಕಕ್ಕೆ, ಕೊನೆಗೆ ಎರಡೂ ಒಟ್ಟಿಗೆ ಆಗುವ ಹಾಗೆ ಮೂಲೆಯ ಕಡೆಗೆ. “ಇದು ಒಬ್ಲೀಕ್. ‘ಓರೆಜಾರು’ ಅಂತ ಹಾಕಿ. ಓರೆಯೂ ಉಂಟು, ಜಾರಿದ್ದೂ ಉಂಟು. ಬಿರುಕಿನ ಓರೆಗೆ ನಮ್ಮಲ್ಲಿ ಬೇರೆ ಶಬ್ದ ಉಂಟು.” ಸಸ್ಯಶಾಸ್ತ್ರದವರು ಬೇವಿನ ಎಲೆಗೆ ‘ಅಸಮಬುಡ’ ಎಂದರೆ ಸಾಕೆಂದರು. ಗಣಿತಕ್ಕೆ, ಬೆಳಕಿಗೆ, ಸ್ನಾಯುವಿಗೆ, ಹೆರಿಗೆಗೆ ಓರೆ. ಟ್ರಾನ್ಸ್‌ವರ್ಸಿಗೆ ಎಲ್ಲ ಕಡೆ ಅಡ್ಡ, ಅದನ್ನು ಸಭೆಯೂ ತಕರಾರಿಲ್ಲದೆ ಒಪ್ಪಿತು. ಕೊನೆಗೆ ಒಂದು ಟಿಪ್ಪಣಿ: ಹಿಂದಿನ ಪುಟಗಳಲ್ಲಿ ‘ತಿರ್ಯಕ್’ ಎಂದಿರುವಲ್ಲಿ ಕರುಳಿಗೆ ಅಡ್ಡವೆಂದೂ ಶಂಕು ಮತ್ತು ಭೂಮಿಯ ಅಕ್ಷಕ್ಕೆ ಓರೆಯೆಂದೂ ಓದಿಕೊಳ್ಳಬೇಕು.

ಒಂದು ಸಾಲಿನ ಪದ ಈಗ ಒಂಬತ್ತು ಸಾಲಾಗಿತ್ತು. ಪುಟದಲ್ಲಿ ಜಾಗ ಮಾಡಲು ಬೇರೆ ಪದಗಳ ಸಾಲುಗಳನ್ನು ಒತ್ತಬೇಕಾಯಿತು. ಹೊಸ ಸಾಲುಗಳನ್ನು ಫೋರ್‌ಮನ್ನರು ಕೇಳದೆಯೇ ಜೋಡಿಸಿಟ್ಟರು. “ಯಾವುದು ಅಚ್ಚಾಗ್ತದೋ ನನಗೆ ಗೊತ್ತಿಲ್ಲ. ಎರಡೂ ಕಟ್ಟಿಟ್ಟಿದ್ದೇನೆ. ದಾರ ಬಿಚ್ಚಲಿಕ್ಕೆ ಯಾರನ್ನೂ ಬಿಡಬೇಡಿ, ಅಕ್ಷರ ಎಲ್ಲ ಪುಡಿ ಆಗ್ತದೆ” ಎಂದು ತಮ್ಮ ಜಾಗಕ್ಕೆ ಬಂದಿದ್ದ ಹೊಸಬನ ಎದುರಿಗೇ ನನಗೆ ಹೇಳಿದರು. ‘ಝಡ್’ ಅಚ್ಚಾದ ವಾರ ಅವರು ಬೊಂಬಾಯಿ ಬಸ್ಸು ಹತ್ತಿದರು. ಕಾಪು ಪೇಟೆಯಲ್ಲಿ ಅವರನ್ನು ಬಿಡಲು ಬಂದ ಹತ್ತಿಪ್ಪತ್ತು ಜನರ ಹಿಂದೆ ನಾನೂ ನಿಂತಿದ್ದೆ. ಕಿಟಕಿಯಿಂದ ಕೈ ಬೀಸುತ್ತ, “ಅಕ್ಕಾ, ಸಹಿ ಆಯ್ತಾ?” ಎಂದು ಕೂಗಿದರು. ಇಲ್ಲ ಎಂದು ತಲೆ ಆಡಿಸಿದೆ. ಅವರು ನಕ್ಕರು.

ಈಗ ಪುಸ್ತಕಕ್ಕೆ ಕೊರತೆ ಇದ್ದದ್ದು ಒಂದೇ ಹಾಳೆಯದು. ಧಣಿಗಳು ಸಂತೆಕಟ್ಟೆಗೆ ಹೇಳಿಕಳಿಸಿದರು. ಒಂದು ಬೆಳಿಗ್ಗೆ ಅಧ್ಯಕ್ಷರು ಆ ಕಡಿದಾದ ಮೆಟ್ಟಿಲನ್ನು ಹತ್ತಿ ಏದುಸಿರು ಬಿಡುತ್ತ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಡಾಕ್ಟರಿಗೂ ನಾನು ಬರಹೇಳಿದ್ದೆ. ಅವರು ಆಸ್ಪತ್ರೆಯಿಂದ ನೇರ ಬಂದಿದ್ದರು, ಸೆರಗಿನಲ್ಲಿ ಔಷಧದ ವಾಸನೆ.

ಅಧ್ಯಕ್ಷರು ಹಿಂದಿನ ಮಾತನ್ನೇ ಎತ್ತಿದರು. ಓದಿದವರಿಗೆ ಗೊಂದಲ ಆಗುವುದಿಲ್ಲ, ಸಂದರ್ಭ ಸಾಕು. ಡಾಕ್ಟರು ಬಾಯಿ ತೆರೆಯುವ ಮೊದಲೇ ನಾನು ಇಬ್ಬರ ಮುಂದೆಯೂ ಒಂದೊಂದು ಬಿಳಿ ಕಾಗದ ಇಟ್ಟೆ.

“ಸರ್, ಒಂದು ತಿರ್ಯಕ್ ರೇಖೆ ಎಳೀತೀರಾ? ಡಾಕ್ಟ್ರೇ, ನೀವೂ. ನಿಮ್ಮ ಅಂಗರಚನೆಯ ಪುಸ್ತಕದಲ್ಲಿ ಇರುವ ಹಾಗೆ.”

ಅಧ್ಯಕ್ಷರು ಮಕ್ಕಳಾಟ ಎಂಬಂತೆ ನಕ್ಕು, ಗಣಿತದವರ ಕೈಯಲ್ಲವೇ, ಕಾಗದದ ಮೂಲೆಯಿಂದ ಮೂಲೆಗೆ ಒಂದು ನೀಟಾದ ಗೆರೆ ಎಳೆದರು. ಡಾಕ್ಟರು ಎಡದಿಂದ ಬಲಕ್ಕೆ, ನೆಲಕ್ಕೆ ಸಮವಾಗಿ ಎಳೆದರು. ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟೆ. ಒಬ್ಬರು ಎಂ.ಎಸ್ಸಿ., ಒಬ್ಬರು ಎಂ.ಡಿ., ಇಬ್ಬರೂ ಓದಿದವರೇ.

ಕೆಳಗೆ ಯಾರೋ ಬೈಂಡಿಂಗಿನ ಸುತ್ತಿಗೆ ಬಡಿಯುತ್ತಿದ್ದರು. ಅಧ್ಯಕ್ಷರು ನನ್ನ ಒಂಬತ್ತು ಸಾಲಿನ ಕರಡನ್ನು ಎಳೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಒಂದು ಕಡೆ ಬಿಟ್ಟುಹೋದ ಅರ್ಧವಿರಾಮ ಹಾಕಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಅದನ್ನು ನನ್ನ ಕಡೆ ತಳ್ಳಿದರು.

“ಇದಕ್ಕೆ ಸಮಿತಿಯ ಒಪ್ಪಿಗೆ ಇಲ್ಲ. ನಾನು ಕೊಡುವುದೂ ಇಲ್ಲ, ನನ್ನ ನಿಯಮ ನಾನೇ ಮುರಿಯುವುದಿಲ್ಲ. ಆದರೆ ತಡೆಯುವುದೂ ಇಲ್ಲ. ಪುಟದ ಕೆಳಗೆ ‘ಈ ಪದದ ವಿವರ ಉಪಸಂಪಾದಕರ ಹೊಣೆ’ ಅಂತ ಒಂದು ಸಾಲು ಹಾಕಿ. ನಾಳೆ ಜನ ಕೇಳಿದರೆ ಉತ್ತರ ನೀವು ಕೊಡಬೇಕು. ಆಗ್ತದಾ?”

ಡಾಕ್ಟರು, “ನನ್ನ ಹೆಸರೂ ಹಾಕು” ಎಂದರು.

“ಬೇಡ” ಎಂದೆ. “ನಿಮ್ಮ ಕೈಪಿಡಿ ಮೇಲಿನವರ ಒಪ್ಪಿಗೆಗೆ ಹೋಗಬೇಕಲ್ಲ. ನನ್ನದೊಂದೇ ಇರಲಿ.”

ಅವರಿಬ್ಬರೂ ಇಳಿದುಹೋದ ಮೇಲೆ ಆ ಸಾಲನ್ನು ಸೇರಿಸಿ ಕರಡಿನ ಮೂಲೆಯಲ್ಲಿ ‘ಅಚ್ಚಿಗೆ’ ಎಂದು ಬರೆದೆ. ಗೆದ್ದೆನೆಂಬ ಸಂತೋಷ ಆಗಲಿಲ್ಲ. ಇಷ್ಟು ದಿನ ಬೇರೆಯವರು ತಪ್ಪು ಮಾಡದ ಹಾಗೆ ತಡೆದವಳು ನಾನು. ಇನ್ನು ತಪ್ಪಿದರೆ ಅದು ನನ್ನದೇ. ಮೊದಲಿನಿಂದ ಇನ್ನೊಮ್ಮೆ ಓದಿ, ಸಹಿ ಹಾಕಿ, ಕರಡನ್ನು ನಾನೇ ಕೆಳಗೆ ಕೊಟ್ಟುಬಂದೆ. ಹೊಸ ಫೋರ್‌ಮನ್ ತಂತಿಯಂತೆ ಬಿಗಿದ ದಾರವನ್ನು ಬಿಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಒಂದು ಅಕ್ಷರವೂ ಉದುರಲಿಲ್ಲ.

ಹಾಳೆ ಅಂಟಿಸುವ ಕೆಲಸಕ್ಕೆ ಬೈಂಡಿಂಗಿನ ಹೆಂಗಸರ ಜೊತೆ ನಾನೂ ಕೂತೆ. ಮೈದಾಗಂಜಿಗೆ ಮೈಲುತುತ್ತ ಹಾಕಿದ ವಾಸನೆ ಕೈಯಿಂದ ಬಹಳ ದಿನ ಹೋಗಲಿಲ್ಲ. ಪುಸ್ತಕ ಹೊರಬಂದಿತು. ಒಂದು ಪತ್ರಿಕೆಯ ವಿಮರ್ಶಕರು, ಇಡೀ ಕೋಶದಲ್ಲಿ ಒಂದೇ ಒಂದು ಪದಕ್ಕೆ ಇಷ್ಟು ರಗಳೆ ಏಕೆ ಎಂದು ತಮಾಷೆ ಮಾಡಿದರು. ಮತ್ತೊಬ್ಬರು ‘ಸಿ’ ಪುಟಗಳನ್ನು ತೋರಿಸಿ, ಸಂಪಾದಕರಿಗೆ ನಿದ್ದೆ ಬಂದಿತ್ತೇ ಎಂದು ಕೇಳಿದರು. ಎಲ್ಲಕ್ಕೂ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೇ ಬಂತು. ಡಾಕ್ಟರ ಕೈಪಿಡಿ ಓರೆ ಮತ್ತು ಅಡ್ಡ ಎಂದೇ ಅಚ್ಚಾಯಿತು, ಪಕ್ಕದಲ್ಲಿ ಚಿತ್ರದ ಸಮೇತ. ವರ್ಷ ಮುಗಿದ ಮೇಲೆ ನನ್ನ ಹುದ್ದೆ ಮುಂದುವರಿಯಲಿಲ್ಲ. ಕೋಶವೇ ಮುಗಿದದ್ದರಿಂದ ಯಾರನ್ನೂ ದೂರುವ ಹಾಗಿರಲಿಲ್ಲ. ಕಾರ್ಕಳದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿಕೊಂಡೆ.

ಅಧ್ಯಕ್ಷರನ್ನು ಮತ್ತೆ ಕಂಡದ್ದು ಎಂಬತ್ತರ ದಶಕದ ನಡುವೆ, ಸಂತೆಕಟ್ಟೆಯ ಬಸ್ಸು ನಿಲ್ದಾಣದಲ್ಲಿ. ನಾನು ಬ್ರಹ್ಮಾವರದ ಕಡೆಗೆ ಹೊರಟಿದ್ದೆ. ಅವರು ಕೋಲು ಹಿಡಿದು ನಿಂತಿದ್ದರು, ಕಂಕುಳಲ್ಲಿ ಕರಡಿನ ಕಟ್ಟು. ಶಾಲಾ ಮಕ್ಕಳಿಗೆ ರೇಖಾಗಣಿತ ಬರೆಯುತ್ತಿದ್ದರಂತೆ. ನನ್ನ ಶಾಲೆ, ಅಮ್ಮನ ಆರೋಗ್ಯ ಎಲ್ಲ ವಿಚಾರಿಸಿದರು. ಹಳೆಯದನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ನನ್ನ ಬಸ್ಸು ಬಂತು. ಹತ್ತಲು ಕಾಲಿಟ್ಟವಳನ್ನು ಅವರು ಕೋಲೆತ್ತಿ ನಿಲ್ಲಿಸಿದರು.

“ನೋಡಿ ಅಮ್ಮ, ಈ ಪುಸ್ತಕದಲ್ಲಿ ನಾನು ‘ಓರೆ ತ್ರಿಭುಜ’ ಅಂತಲೇ ಹಾಕಿದ್ದೇನೆ.”

ಕಂಡಕ್ಟರ್ ಸೀಟಿ ಊದಿದ. ನಾನು ಮೆಟ್ಟಿಲ ಮೇಲಿಂದ ತಿರುಗಿ ನೋಡಿದೆ.

“ನೀವು ಹೇಳಿದ್ದಕ್ಕಲ್ಲ” ಎಂದರು ಅವರು. “ತಿರ್ಯಕ್ ಬರೆಯುವಾಗ ಮಕ್ಕಳು ಅರ್ಕಾವೊತ್ತು ಬಿಡ್ತಾರೆ.”